ಔಷಧಿ ಪುಸ್ತಕದ ಅಂಚು

ಧಾರವಾಡದಲ್ಲಿ ಗೋವಿಂದಪ್ಪನ ಕೈಯ ಬಗ್ಗೆ ಎಲ್ಲರದೂ ಒಂದೇ ಮಾತಾಗಿತ್ತು. ಹುಳ ತಿಂದು ಜಾಳಾದ ಪುಸ್ತಕವನ್ನು ಅವನ ಮುಂದಿಟ್ಟರೆ ಹಸಿಗೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಳ್ಳುತ್ತಾನೆ ಎನ್ನುತ್ತಿದ್ದರು. ಕೆಲಗೇರಿ ರಸ್ತೆಯ ಒಳಗಲ್ಲಿಯಲ್ಲಿ ಅವನ ಮನೆ. ಮುಂದಿನ ತಗಡಿನ ಚಪ್ಪರವೇ ಬೈಂಡಿಂಗ್ ಅಂಗಡಿ. ಗ್ರಂಥಾಲಯದ ಜವಾನರು ಅಲ್ಲಿಗೆ ಚೀಲಗಟ್ಟಲೆ ಪುಸ್ತಕ ತಂದು ಸುರಿಯುತ್ತಿದ್ದರು. ಸಪ್ತಾಪುರದ ಪ್ರೊಫೆಸರರು ತಾವೇ ಸ್ಕೂಟರಿನ ಮೇಲೆ ಬಂದು, ಅಜ್ಜ ಮುತ್ತಜ್ಜರ ಹೊತ್ತಿಗೆಗಳನ್ನು ಅವನ ಕೈಗಿಟ್ಟು ನಿಶ್ಚಿಂತೆಯಿಂದ ಹೋಗುತ್ತಿದ್ದರು.

ಸುಕನ್ಯಾ ಆ ಮನೆಗೆ ಸೊಸೆಯಾಗಿ ಬಂದ ಮೂರನೆಯ ದಿನ ಅದೇ ಕೈ ಅತ್ತೆ ಮುದಕವ್ವನ ಕೆನ್ನೆಗೆ ಬಿತ್ತು. ತಪ್ಪೇನೆಂದರೆ ರೊಟ್ಟಿ ಆರಿತ್ತು. ಮುದಕವ್ವ ಒಲೆಯ ಕಟ್ಟೆಗೆ ಬಡಿದುಕೊಂಡು ಬಿದ್ದಳು, ಹುಬ್ಬು ಒಡೆಯಿತು. ಎದ್ದು, ಒಂದು ಕೈಯಿಂದ ಸೆರಗು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಗಂಡನ ಗಂಗಾಳಕ್ಕೆ ಬಿಸಿ ರೊಟ್ಟಿ ಹಾಕಿದಳು. ಪಕ್ಕದಲ್ಲಿ ಉಣ್ಣುತ್ತಿದ್ದ ಮಗ ಹನಮೇಶ ತಲೆ ಎತ್ತಲಿಲ್ಲ.

"ನನಗೊಂದೀಟ ಪಲ್ಯಾ ಹಾಕ" ಎಂದ ಹೊಸ ಹೆಂಡತಿಗೆ.

ಆ ಸಂಜೆ ಬಚ್ಚಲಲ್ಲಿ ಸುಕನ್ಯಾ ಅತ್ತೆಯ ಹುಬ್ಬಿಗೆ ಅರಿಸಿನ ಒತ್ತಿದಳು.

"ಅತ್ತಿ, ಹಿಂಗ ದಿನಾ ಹೊಡೀತಾರೇನ್ರಿ?"

"ದಿನಾ ಎಲ್ಲಿ? ಕೆಲಸ ಛಲೋ ಆದ ದಿನ ಹೊಡಿಯೂದಿಲ್ಲ." ಮುದಕವ್ವ ತಲೆಯನ್ನು ಇನ್ನೊಂದು ಕಡೆ ತಿರುಗಿಸಿದಳು. "ಈ ಕಡಿಂದ ಮಾತಾಡವ್ವಾ. ಎಡಗಿವಿ ಕೇಳಸೂದಿಲ್ಲ. ನಿನ್ನ ಗಂಡ ಹೊಟ್ಟ್ಯಾಗಿದ್ದಾಗ ಹೋತು."

ಎರಡು ವರ್ಷದಲ್ಲಿ ಸುಕನ್ಯಾ ಆ ಮನೆಯ ಲೆಕ್ಕಾಚಾರ ಕಲಿತಳು. ಬೆಳಿಗ್ಗೆ ಮಾವ ಕಬ್ಬಿಣದ ಅಡಿಪಟ್ಟಿಯಿಂದ ಮಗನ ಗೆಣ್ಣಿಗೆ ಹೊಡೆದರೆ, ಹೊತ್ತು ಮುಳುಗುವುದರೊಳಗೆ ಆ ಏಟು ಅಡುಗೆಮನೆಗೆ ಬಂದು ಅವಳ ಬೆನ್ನಿಗೆ ಮುಟ್ಟುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾಯಿತು, ಅಂಗಿಯ ಗುಂಡಿ ಹಚ್ಚಲಿಲ್ಲ, ಹೀಗೆ ಏನಾದರೊಂದು ನೆವ. ಹನಮೇಶ ಹೊಡೆಯುವಾಗ ಬೈಯುತ್ತಿರಲಿಲ್ಲ. ಬಾಯಿ ಬಿಗಿದು, ಬಾಕಿ ಉಳಿದ ಕೆಲಸ ಮುಗಿಸುವವನ ಹಾಗೆ ಹೊಡೆಯುತ್ತಿದ್ದ.

ಮಾವ ಮಾತ್ರ ಅವಳ ಮೇಲೆ ಕೈ ಎತ್ತಿರಲಿಲ್ಲ. ಒಮ್ಮೆ ಹರಿದ ಹಾಳೆಯೊಂದಕ್ಕೆ ಅವಳು ಅಂಟು ಸವರಿದ್ದನ್ನು ನೋಡಿದವನೇ ಹತ್ತಿರ ಕರೆದು ಕೂರಿಸಿಕೊಂಡಿದ್ದ. "ಮಗನ ಕೈ ಕಟ್ಟಿಗಿ. ನಿನ್ನ ಕೈಯಾಗ ಜೀವ ಐತಿ" ಎಂದು ಒಂದೊಂದಾಗಿ ಕಲಿಸಿದ. ಮೈದಾ ಹಿಟ್ಟಿಗೆ ಹುಳ ಹತ್ತದಂತೆ ಮೈಲುತುತ್ತ ಹಾಕಿ ಅಂಟಿನ ಗಂಜಿ ಕಾಸುವುದು, ಹುಳ ತಿಂದ ತೂತಿಗೆ ಈರುಳ್ಳಿ ಸಿಪ್ಪೆಯಂಥ ತೆಳು ಕಾಗದ ಕೂರಿಸುವುದು, ಹಾಳೆಗಳನ್ನು ಮಡಿಕೆ ಮಾಡಿ ನೂಲಿನಿಂದ ಹೊಲಿಯುವುದು. ಕಲಿಸುವಾಗ ಅವನ ದನಿಯೇ ಬೇರೆ. ಹನಮೇಶ ದೂರದಲ್ಲಿ ರಟ್ಟು ಕತ್ತರಿಸುತ್ತ ಅದನ್ನು ಕೇಳುತ್ತಿದ್ದ. ಅಂಥ ದಿನ ಅವಳಿಗೆ ಎರಡು ಏಟು ಹೆಚ್ಚು ಬೀಳುತ್ತಿದ್ದವು.

೧೯೯೯ರ ದೀಪಾವಳಿಯ ನಂತರ ಸುಕನ್ಯಾ ಒಂದು ಸಂಗತಿ ಗಮನಿಸಿದಳು. ಮಾವ ಸೂಜಿಗೆ ನೂಲನ್ನು ನೋಡಿ ಪೋಣಿಸುತ್ತಿಲ್ಲ, ತಡವಿ ಪೋಣಿಸುತ್ತಿದ್ದಾನೆ. ಚಹಾದ ಬಟ್ಟಲು ಹಿಡಿಯಲು ಚಾಚಿದ ಕೈ ಬಟ್ಟಲಿನ ಪಕ್ಕಕ್ಕೆ ಹೋಗುತ್ತದೆ. ಊಟದ ಹೊತ್ತಿಗೆ ಮುದಕವ್ವ ಮೆಲ್ಲಗೆ ಬಾಯಿ ಬಿಟ್ಟಳು.

"ಕಣ್ಣಾಗ ಪೊರಿ ಬಂದೈತೇನೋ. ಒಮ್ಮೆ ದವಾಖಾನಿಗೆ ತೋರ್ಸಿದ್ರ..."

ಗೋವಿಂದಪ್ಪ ಗಂಗಾಳವನ್ನೇ ಎತ್ತಿ ಅವಳ ಮುಖಕ್ಕೆ ಒಗೆದ. "ನನ್ನ ಕಣ್ಣು ಕುರುಡು ಅಂತ ಊರಾಗ ಸಾರಬೇಕಂತ ಮಾಡೀಯೇನು? ಯಾರ ತರತಾರ ಆಮ್ಯಾಲ ಪುಸ್ತಕಾ?"

ಆಮೇಲೆ ಆ ಮನೆಯಲ್ಲಿ ಯಾರೂ ಕಣ್ಣಿನ ಸುದ್ದಿ ತೆಗೆಯಲಿಲ್ಲ.

ಅದೇ ವಾರ ಭುವನೇಶ್ವರಿಬಾಯಿಯವರು ಬಂದರು. ಸಪ್ತಾಪುರದಲ್ಲಿ ಒಬ್ಬರೇ ಇರುವ ನಿವೃತ್ತ ಶಿಕ್ಷಕಿ. ಹಳೆಯ ರೇಷ್ಮೆ ಸೀರೆಯ ತುಂಡಿನಲ್ಲಿ ಸುತ್ತಿದ ದಪ್ಪನೆಯ ಪುಸ್ತಕವೊಂದನ್ನು ಮೇಜಿನ ಮೇಲೆ ಬಿಚ್ಚಿದರು. ಕೈಬರಹದ ಔಷಧಿ ಪುಸ್ತಕ, ನೂರಾ ನಲವತ್ತು ಹಾಳೆ.

"ನಮ್ಮಜ್ಜ ವೈದ್ಯರಿದ್ರು, ಗೋವಿಂದಪ್ಪ. ನಡುವ ಬರದದ್ದು ಔಷಧಿ. ಅದು ಬ್ಯಾರೆ ಪುಸ್ತಕದಾಗೂ ಸಿಗ್ತದ. ಅಂಚಿನ್ಯಾಗ ಬರದದ್ದು ನೋಡ್ರಿ, ಅದು ಎಲ್ಲೂ ಸಿಗೂದಿಲ್ಲ."

ಸುಕನ್ಯಾ ಬಾಗಿ ಓದಿದಳು. ಅಂಚಿನುದ್ದಕ್ಕೂ ಸಣ್ಣ ಅಕ್ಷರ. 'ಅಮ್ಮಿನಬಾವಿ ನೀಲವ್ವಗೆ ಮೂರು ದಿನ ಕೊಟ್ಟೆ. ಉಳಿದಳು.' ಅದರ ಕೆಳಗೆ, 'ಹೆಬ್ಬಳ್ಳಿ ಕುಂಬಾರನ ಮಗನಿಗೆ ಕೊಟ್ಟೆ. ಉಳಿಯಲಿಲ್ಲ.' ಪುಟಪುಟಕ್ಕೂ ಹೀಗೆ ಉಳಿದವರು, ಉಳಿಯದವರು.

"ಒಂದಕ್ಷರ ಹೋಗಬಾರದು" ಎಂದರು ಬಾಯಿಯವರು.

"ಒಂದ ಚುಕ್ಕಿನೂ ಹೋಗೂದಿಲ್ರಿ. ನಿಶ್ಚಿಂತಿಲೆ ಹೋಗ್ರಿ" ಎಂದ ಗೋವಿಂದಪ್ಪ.

ಹಳೆಯ ಹೊಲಿಗೆ ಬಿಚ್ಚಿ, ದೂಳು ತೆಗೆದು, ಹಾಳೆಹಾಳೆಗೂ ತೇಪೆ ಹಾಕುವ ಕೆಲಸ ಸುಕನ್ಯಾಳ ಪಾಲಿಗೆ ಬಂತು. ಎರಡು ವಾರ ಹಿಡಿಯಿತು. ತೇಪೆಗಳು ಆರಲೆಂದು ಇಡೀ ಕಟ್ಟನ್ನು ಎರಡು ರಟ್ಟಿನ ನಡುವೆ ಇಟ್ಟು, ಮೇಲೆ ಕಲ್ಲು ಹೇರಿ, ಗೋಡೆಯ ಹಲಗೆಯ ಮೇಲಿಟ್ಟಳು. ಮರುದಿನ ಗ್ರಂಥಾಲಯದ ರಿಜಿಸ್ಟರುಗಳ ಅಂಚು ಕತ್ತರಿಸುವುದಿತ್ತು. ಅವು ಕೂಡ ರಟ್ಟಿನ ನಡುವೆಯೇ ಅದೇ ಹಲಗೆಯ ಇನ್ನೊಂದು ತುದಿಯಲ್ಲಿದ್ದವು.

ಮರುದಿನ ಹನಮೇಶ ಐದು ಗಂಟೆಯ ಬಸ್ಸಿಗೇ ಹುಬ್ಬಳ್ಳಿಗೆ ಹೋದ. ಕಾಸಿಮಸಾಬನ ಅಂಗಡಿಯಿಂದ ರೆಕ್ಸಿನ್ ತರಬೇಕಾಗಿತ್ತು. ಹತ್ತರ ಹೊತ್ತಿಗೆ ಸುಕನ್ಯಾ ಚಹಾ ಹಿಡಿದು ಚಪ್ಪರಕ್ಕೆ ಬಂದಾಗ ಗೋವಿಂದಪ್ಪ ಕತ್ತರಿಸುವ ಯಂತ್ರದ ಚಕ್ರ ತಿರುಗಿಸಿ ಒಂದು ಕಟ್ಟನ್ನು ಬಿಗಿದಿದ್ದ. ರಟ್ಟಿನ ನಡುವೆ ಇಣುಕುತ್ತಿದ್ದ ಅಂಚು ಬಿಳಿಯದಾಗಿರಲಿಲ್ಲ, ಕಂದು ಬಣ್ಣದ್ದಾಗಿತ್ತು.

"ಮಾವಾರ, ಅದಲ್ರೀ! ನಿಂದರ್ರಿ!"

ಅವನು ಹಿಡಿಕೆ ಎಳೆದಾಗಿತ್ತು. ಹೆಬ್ಬೆರಳಿನಗಲದ ಪಟ್ಟಿಗಳು ಸರ್ರನೆ ನೆಲಕ್ಕೆ ಜಾರಿದವು.

ಗೋವಿಂದಪ್ಪ ಬಗ್ಗಿ ಒಂದು ಪಟ್ಟಿ ಎತ್ತಿ ಬಲಗಣ್ಣಿನ ಹತ್ತಿರ, ರೆಪ್ಪೆಗೆ ತಾಗುವಷ್ಟು ಹತ್ತಿರ ಹಿಡಿದ. ಇನ್ನೊಂದು ಎತ್ತಿದ. ಮೋಟು ಸ್ಟೂಲಿನ ಮೇಲೆ ಕೂತ. "ಒಳಗ ಹೋಗು" ಎಂದ. ಅವಳು ಹೋದಳು.

ಮಧ್ಯಾಹ್ನ ಹನಮೇಶ ರೆಕ್ಸಿನ್ ಸುರುಳಿಯನ್ನು ಹೆಗಲ ಮೇಲೆ ಹೊತ್ತು ಬಂದ. ಅದನ್ನು ಇಳಿಸುವುದರೊಳಗೆ ಅಪ್ಪ ಅವನ ಕೊರಳಪಟ್ಟಿ ಹಿಡಿದ. ಇನ್ನೊಂದು ಕೈಯಲ್ಲಿದ್ದ ಪಟ್ಟಿಗಳನ್ನೆಲ್ಲ ಮುದ್ದೆ ಮಾಡಿ ಅವನ ಮುಖಕ್ಕೆ ಎರಚಿದ.

"ಕುಲಗೇಡಿ! ಬಾಯಾರ ಪುಸ್ತಕಾ ಕತ್ತರಿಸಿ ಹಾಕಿ ಹುಬ್ಬಳ್ಳಿಗೆ ಓಡಿ ಹೋಗೀಯೇನು?"

"ನಾ ಎಲ್ಲಿ ಕತ್ತರಿಸೇನಪಾ? ನಾ ಮುಂಜಾನಿ..."

ಮೊದಲ ಏಟು ಬಾಯಿಗೆ ಬಿತ್ತು. ಹಲ್ಲಿನ ಸಂದಿಯಿಂದ ರಕ್ತ ಇಳಿಯಿತು. ಎರಡನೆಯದಕ್ಕೆ ಅವನು ಮಂಡಿಯೂರಿ ಬಿದ್ದ. ಗೋವಿಂದಪ್ಪ ಮಗನ ಬಲಗೈಯನ್ನು ರಟ್ಟು ಬಡಿಯುವ ಕಲ್ಲಿನ ಮೇಲೆ ಎಳೆದಿಟ್ಟು, ಮಣಿಕಟ್ಟಿನ ಮೇಲೆ ಮೊಣಕಾಲೂರಿ, ಪುಸ್ತಕದ ಬೆನ್ನು ತಟ್ಟುವ ಸುತ್ತಿಗೆಯನ್ನು ಎತ್ತಿಕೊಂಡ.

ಒಳಗಿನಿಂದ ಓಡಿ ಬಂದ ಸುಕನ್ಯಾ "ಅವರಲ್ರೀ, ನೀವ..." ಎನ್ನುವಷ್ಟರಲ್ಲಿ ಹಿಂದಿನಿಂದ ಮುದಕವ್ವನ ಅಂಗೈ ಅವಳ ಬಾಯನ್ನು ಗಟ್ಟಿಯಾಗಿ ಮುಚ್ಚಿತು. "ಬ್ಯಾಡವ್ವಾ, ಬ್ಯಾಡ. ಕೊಂದ ಬಿಡ್ತಾನ" ಎಂದು ಕಿವಿಯಲ್ಲಿ ಬಿಸಿಯುಸಿರು. ಸುತ್ತಿಗೆ ಮೂರು ಸಲ ಬಿತ್ತು. ಹನಮೇಶನ ಕೂಗಿಗೆ ಗಲ್ಲಿಯ ನಾಯಿಗಳು ಬೊಗಳತೊಡಗಿದವು. ಪಕ್ಕದ ಮನೆಯ ಕಿಟಕಿಯೊಂದು ತೆರೆದು ಮತ್ತೆ ಮುಚ್ಚಿಕೊಂಡಿತು.

ನಡುಬೆರಳು, ಉಂಗುರಬೆರಳು ಎರಡೂ ಮುರಿದಿದ್ದವು. ದವಾಖಾನೆಯಲ್ಲಿ ಕೇಳಿದಾಗ, ಪುಸ್ತಕ ಒತ್ತುವ ಕಟ್ಟಿಗೆಯ ಪ್ರೆಸ್ಸು ಜಾರಿ ಬಿತ್ತು ಎಂದು ಹನಮೇಶನೇ ಹೇಳಿದ. ಮೊಣಕೈವರೆಗೆ ಪ್ಲಾಸ್ಟರ್ ಹಾಕಿ ಕಳಿಸಿದರು.

ಮನೆಗೆ ಬಂದ ಮೂರನೆಯ ದಿನ ಸುಕನ್ಯಾ ಅವನಿಗೆ ತುತ್ತು ಕಲಸಿ ಕೊಡುತ್ತ ಹೇಳಿಬಿಟ್ಟಳು. "ಪುಸ್ತಕಾ ಕತ್ತರಿಸಿದವ್ರು ನಿಮ್ಮಪ್ಪ. ನಾ ಕಣ್ಣಾರೆ ನೋಡೇನಿ."

"ಗೊತ್ತೈತಿ."

"ಗೊತ್ತಿದ್ದೂ ಸುಮ್ಮನದೀರಿ?"

"ಏನ ಮಾಡ್ಲಿ? ನಿಮ್ಮ ಕಣ್ಣು ಹೋಗ್ಯಾವು ಅಂತ ಅಪ್ಪಗ ಹೇಳ್ಲೇನು? ಹೇಳಿದ್ರ ಇನ್ನೊಂದ ಕೈನೂ ಹೋಗ್ತಿತ್ತು." ಅವಳು ಚಾಚಿದ ತುತ್ತನ್ನು ಪಕ್ಕಕ್ಕೆ ತಳ್ಳಿದ. "ನೀ ನಿಂತು ನೋಡಿದೇನು? ನಾ ಅಳೂದನ್ನ ನಿಂತು ನೋಡಿದೇನು?"

ಎಡಗೈಯಿಂದ ಹೊಡೆದು ಅವನಿಗೆ ರೂಢಿಯಿರಲಿಲ್ಲ. ಏಟು ಕೆನ್ನೆಗೆ ಬೀಳದೆ ಕಣ್ಣಿಗೆ ಬಿತ್ತು. ಅನ್ನ ಸಾರು ಅವಳ ಮಡಿಲಿಗೆ ಚೆಲ್ಲಿತು. ಎರಡನೆಯ ಏಟು ಸರಿಯಾದ ಜಾಗಕ್ಕೇ ಬಿತ್ತು.

ಸುಕನ್ಯಾ ಪಟ್ಟಿಗಳನ್ನೆಲ್ಲ ಸುತ್ತಿಗೆ ಬಿದ್ದ ದಿನವೇ ಆಯ್ದು ಒಂದು ಬುಟ್ಟಿಗೆ ತುಂಬಿಟ್ಟಿದ್ದಳು. ನೂರಾ ನಲವತ್ತೂ ಕಲಸಿ ಹೋಗಿದ್ದವು. ಕೆಲವಕ್ಕೆ ರಕ್ತ ತಾಗಿತ್ತು. ಒಂದರಲ್ಲಿ 'ಳಿದಳು' ಎಂದಿತ್ತು, ಇನ್ನೊಂದರಲ್ಲಿ 'ಯಲಿಲ್ಲ'. ಯಾವುದು ಯಾವ ಹಾಳೆಯದು? ಊದಿದ ಕಣ್ಣಿನಿಂದ ಅವಳು ಮೂರು ದಿನ ಹೆಣಗಿ ಹನ್ನೊಂದು ಪಟ್ಟಿ ಕೂಡಿಸಿದಳು. ಗೋವಿಂದಪ್ಪ ತನ್ನ ಸ್ಟೂಲಿನಲ್ಲಿ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದ.

ನಾಲ್ಕನೆಯ ದಿನ ಮುದಕವ್ವ ಪಾತ್ರೆ ತಿಕ್ಕಿ ಬಂದು ಪಕ್ಕದಲ್ಲಿ ಕೂತಳು.

"ನನಗೂ ಕೊಡ."

"ನಿಮಗ ಓದಾಕ ಬರೂದಿಲ್ಲಲ್ರಿ ಅತ್ತಿ."

"ಹುಳಾ ಏನ ಓದಿ ತಿಂದಾವೇನು? ತೇಪಿ ಕೆಳಗಿನ ಈ ತೂತ ನೋಡ, ಹೆಸರಕಾಳಿನಂಗ ಐತಿ. ಅರ್ಧಾ ಹಾಳ್ಯಾಗ ಐತಿ, ಅರ್ಧಾ ಈ ಪಟ್ಟ್ಯಾಗ."

ಇಟ್ಟು ನೋಡಿದರೆ ಖರೇ, ಕೂದಲಿನಷ್ಟೂ ವ್ಯತ್ಯಾಸವಿರಲಿಲ್ಲ. ಅಕ್ಷರ ತಿಳಿಯದ ಮುದಕವ್ವ ಒಂದೇ ವಾರದಲ್ಲಿ ಎಂಬತ್ತು ಪಟ್ಟಿಗಳನ್ನು ಅವುಗಳ ಹಾಳೆಗೆ ಸೇರಿಸಿದಳು. ಅವಳು ಹುಡುಕಿ ಕೊಡುವಳು, ಸುಕನ್ಯಾ ತೆಳು ಕಾಗದ ಹಚ್ಚಿ ಅಂಟಿಸುವಳು. ಅಂಟಿಸಿದ ಮೇಲೆ ಮುದಕವ್ವ ಪ್ರತಿಸಲವೂ ಕೇಳುವಳು, "ಇಕಿ ಉಳದಾಳೇನು?"

"ಉಳದಾಳ್ರಿ."

"ಛಲೋ ಆತು. ಇಂವಾ?"

"ಇಲ್ರಿ."

ಮುದಕವ್ವ ಲೊಚಗುಟ್ಟಿ ಮುಂದಿನ ಪಟ್ಟಿ ಎತ್ತಿಕೊಳ್ಳುವಳು. ಒಂದು ದಿನ ಬಸುರಿಯೊಬ್ಬಳ ಹೆಸರು ಬಂತು, ಕೂಸು ಉಳಿದಿರಲಿಲ್ಲ. ಆಗ ಮುದಕವ್ವ ಪಟ್ಟಿಯನ್ನು ಬೆರಳಿನಿಂದ ಸವರುತ್ತ, "ಹನಮ್ಯಾನಕಿಂತ ಮದ್ಲ ನನಗೊಂದ ಹೆಣ್ಣಾಗಿತ್ತು. ಏಳ ತಿಂಗಳಿಗೆ. ಕೆಲಸದ ಸಿಟ್ಟಿನ್ಯಾಗ ಒದ್ದಿದ್ದ" ಎಂದಳು. ಸ್ಟೂಲಿನ ಮೇಲಿದ್ದವನಿಗೆ ಕೇಳಿಸಿತೋ ಇಲ್ಲವೋ. ಅವನು ತಿರುಗಲಿಲ್ಲ.

ಆರನೆಯ ವಾರ ಭುವನೇಶ್ವರಿಬಾಯಿ ಬಂದರು. ಪುಸ್ತಕ ಹೊಲಿಗೆಯಾಗಿ ಚರ್ಮದ ಬೆನ್ನು ಹಾಕಿಸಿಕೊಂಡು ಕೂತಿತ್ತು. ಮೊದಲ ಹಾಳೆ ತಿರುವಿದವರು ಅಂಚಿನುದ್ದಕ್ಕೂ ಇದ್ದ ತೇಪೆಯ ಗೆರೆ ನೋಡಿ ನಿಂತುಬಿಟ್ಟರು.

"ಏನಿದು, ಗೋವಿಂದಪ್ಪ?"

ಗೋವಿಂದಪ್ಪ ಎದ್ದು ನಿಂತು ಕೈ ಮುಗಿದ. "ನನ್ನ ಮಗನ ಕೈಲೆ ತಪ್ಪಾತ್ರಿ. ಅಂಚು ಕತ್ತರಿಸಿ ಬಿಟ್ಟ. ಸುಮ್ಮನ ಬಿಟ್ಟಿಲ್ಲ ನಾ. ಏ ಹನಮ್ಯಾ, ಬಾ ಇಲ್ಲೆ. ಬಾಯಾರಿಗೆ ಕೈ ತೋರ್ಸ."

ಹನಮೇಶ ಪ್ಲಾಸ್ಟರ್ ಹಾಕಿದ ಕೈಯನ್ನು ಮುಂದೆ ಚಾಚಿ ನಿಂತ, ಶಾಲೆಯಲ್ಲಿ ಉಗುರು ತೋರಿಸುವ ಹುಡುಗನ ಹಾಗೆ. ಬಾಯಿಯವರ ಮುಖದ ಬಣ್ಣವೇ ಇಳಿಯಿತು.

"ನನ್ನ ಪುಸ್ತಕದ ಸಲುವಾಗಿ ಕೈ ಮುರದ್ರ್ಯಾ? ಹೆತ್ತ ಮಗನ ಕೈ?"

"ಕೆಲಸಾ ಅಂದ್ರ ಕೆಲಸ್ರಿ."

ಚಪ್ಪರದ ಮೂಲೆಯ ಒಲೆಯ ಹತ್ತಿರ ಮುದಕವ್ವ ಅಂಟಿಗೆ ಗಂಜಿ ಕಾಸುತ್ತಿದ್ದಳು. ಈ ಸಲ ಸುಕನ್ಯಾಳ ಬಾಯಿ ಮುಚ್ಚುವಷ್ಟು ಹತ್ತಿರದಲ್ಲಿ ಇರಲಿಲ್ಲ.

"ಅವರು ಕತ್ತರಿಸಿಲ್ರಿ ಬಾಯಾರ. ಆವತ್ತ ಅವರು ಹುಬ್ಬಳ್ಳ್ಯಾಗ ಇದ್ರು. ಕತ್ತರಿಸಿದವ್ರು ನಮ್ಮ ಮಾವಾರು. ಅವರಿಗೆ ಕಣ್ಣ ಕಾಣೂದಿಲ್ಲ. ದೀಪಾವಳಿ ಆದಾಗಿಂದ ಎಲ್ಲಾ ತಡವಿ ಮಾಡಾಕತ್ತಾರ."

ಗೋವಿಂದಪ್ಪ ದನಿ ಬಂದ ಕಡೆ ತಿರುಗಿದ. ಕೈ ಚಾಚಿದ್ದಕ್ಕೆ ಸಿಕ್ಕಿದ್ದು ಜಡೆ. ಅದನ್ನು ಹಿಡಿದೆಳೆದು ಅವಳ ಮುಖವನ್ನು ಪ್ರೆಸ್ಸಿನ ಹಲಗೆಗೆ ಬಡಿದ. ಮೂಗಿನಿಂದ ರಕ್ತ ಚಿಮ್ಮಿತು. ಬಾಯಿಯವರು "ಬಿಡ್ರಿ! ಯಾರರೆ ಬರ್ರೆಪ್ಪೋ!" ಎಂದು ಕೂಗಿಕೊಂಡರು. ಗೋವಿಂದಪ್ಪ ಸೊಸೆಯನ್ನು ನೆಲಕ್ಕೆ ಕೆಡವಿ, ಅವಳ ಬಲಗೈಯನ್ನು ತಡವಿ ಹಿಡಿದು ಕಲ್ಲಿನ ಮೇಲಿಟ್ಟ.

"ಈ ಕೈಗೆ ಕಲಿಸಿದಾಂವ ನಾ! ಈ ಕೈಯಾಗ ಅನ್ನಾ ಇಟ್ಟಾಂವ ನಾ!"

ಸುಕನ್ಯಾ ಗಂಡನ ಕಡೆ ನೋಡಿದಳು. ಹನಮೇಶ ಗೋಡೆಗೆ ಬೆನ್ನು ಹಚ್ಚಿ, ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಸುತ್ತಿಗೆ ಮೇಲೇರಿತು. ಅವಳು ಕಣ್ಣು ಮುಚ್ಚಿದಳು.

ಕೂಗು ಅವಳದಾಗಿರಲಿಲ್ಲ. ಕಣ್ಣು ತೆರೆದಾಗ ಗೋವಿಂದಪ್ಪನ ಹೆಗಲಿನಿಂದ ಬೆರಳತುದಿಯವರೆಗೆ ಕುದಿಯುವ ಗಂಜಿ ಬಿಳಿಯಾಗಿ, ಬುಸುಗುಡುತ್ತ ಇಳಿಯುತ್ತಿತ್ತು. ಸುತ್ತಿಗೆ ಕೆಳಗೆ ಬಿದ್ದಿತ್ತು. ಅಂಟಿದ ಗಂಜಿಯನ್ನು ಅವನು ಇನ್ನೊಂದು ಕೈಯಿಂದ ಬಳಿದು ತೆಗೆಯಹೋದ. ಗಂಜಿಯ ಜೊತೆ ತೊಗಲೂ ಬಂತು, ಆ ಕೈಯೂ ಬೆಂದಿತು. ಮುದಕವ್ವ ಖಾಲಿ ಪಾತ್ರೆಯನ್ನು ಹಿಡಿದುಕೊಂಡೇ ನಿಂತಿದ್ದಳು.

"ನಲವತ್ತ ವರ್ಷ ಕಾಸೇನಿ ಇದನ್ನ" ಎಂದಳು, ಯಾರಿಗೋ ಹೇಳುವಂತೆ.

ಹನಮೇಶ ಆಗ ಅಲುಗಾಡಿದ. ಅಪ್ಪನನ್ನು ಎಳೆದುಕೊಂಡು ಹಿತ್ತಲ ನೀರಿನ ತೊಟ್ಟಿಯ ಕಡೆ ಓಡಿದ.

ದವಾಖಾನೆಯಲ್ಲಿ ಗೋವಿಂದಪ್ಪನೇ, ಗಂಜಿ ಪಾತ್ರೆ ಕೈ ಜಾರಿತು ಎಂದ. ಹಿಂದೆ ಹನಮೇಶನ ಕೈಗೆ ಪ್ಲಾಸ್ಟರ್ ಕಟ್ಟಿದ್ದ ಕಂಪೌಂಡರನೇ ಅಲ್ಲಿದ್ದ. "ನಿಮ್ಮ ಮನ್ಯಾಗ ಸಾಮಾನ ಭಾಳ ಜಾರ್ತಾವಲ್ಲೋ" ಎಂದು ಬರೆದುಕೊಂಡ. ಭುವನೇಶ್ವರಿಬಾಯಿ ಸುಕನ್ಯಾಳ ಮೂಗಿಗೆ ಹತ್ತಿ ಇಟ್ಟು ಠಾಣೆಗೆ ನಡೆ ಎಂದು ಹಟ ಹಿಡಿದರು.

"ಹೋದ್ರ ಅತ್ತಿನೂ ಒಳಗ ಹೋಗ್ತಾರ್ರಿ. ಬ್ಯಾಡ" ಎಂದಳು ಸುಕನ್ಯಾ. ಸೀರೆ ಎರಡು, ಸೂಜಿ ನೂಲಿನ ಡಬ್ಬಿ ಒಂದು ತೆಗೆದುಕೊಂಡು ಹುಬ್ಬಳ್ಳಿಯ ಗೋಪನಕೊಪ್ಪದ ತವರಿಗೆ ಹೊರಟಳು. ಮುದಕವ್ವ ಬಾಗಿಲವರೆಗೂ ಬಂದಳು, ಇರು ಎನ್ನಲಿಲ್ಲ.

ತವರಿನಲ್ಲಿ ಇದ್ದದ್ದು ತಾಯಿ ಒಬ್ಬಳೇ. ಸುದ್ದಿ ತಿಳಿದ ಕಾಸಿಮಸಾಬ ತನ್ನ ಅಂಗಡಿಯ ಮೂಲೆಯಲ್ಲಿದ್ದ ಹಳೆಯ ಕಟ್ಟಿಗೆ ಪ್ರೆಸ್ಸನ್ನು ಕೈಗಾಡಿಯಲ್ಲಿ ಕಳಿಸಿಕೊಟ್ಟ. "ಇಲ್ಲೆ ಗೆದ್ದಲ ತಿಂತೈತಿ, ನೀ ಇಟಗೋ ಬೇಟಿ" ಎಂದು ಹೇಳಿ ಕಳಿಸಿದ್ದ. ಶಾಲೆಗಳ ಹರಕು ಪುಸ್ತಕ, ಮಸೀದಿಯ ಹಳೆಯ ಗ್ರಂಥ, ಹೀಗೆ ಕೆಲಸ ಬರತೊಡಗಿತು.

ಸಂಕ್ರಾಂತಿಯ ಹೊತ್ತಿಗೆ ಹನಮೇಶ ಬಂದ. ಪ್ಲಾಸ್ಟರ್ ಬಿಚ್ಚಿದ್ದರು. ಬೆರಳೆರಡೂ ಡೊಂಕಾಗಿ ಕೂತಿದ್ದವು.

"ನಡಿ ಮನಿಗೆ. ಅಪ್ಪನ ಎರಡೂ ಕೈ ಏಳೂದಿಲ್ಲ. ಮನ್ಯಾಗ ಇನ್ನ ಹೊಡಿಯವ್ರು ಯಾರೂ ಇಲ್ಲ."

"ನಿಮ್ಮ ಎಡಗೈ?"

ಅವನು ಮೊಣಕಾಲ ಮೇಲಿದ್ದ ತನ್ನ ಎಡಗೈಯನ್ನು ನೋಡಿಕೊಂಡ. ಚಹಾ ಆರುವವರೆಗೂ ಕೂತಿದ್ದು, ಕುಡಿಯದೆ ಎದ್ದು ಹೋದ.

ಹದಿನೈದು ದಿನಕ್ಕೆ ಮುದಕವ್ವ ಒಬ್ಬಳೇ ಬಂದಳು. ಕೈಯಲ್ಲಿ ಒಂದು ಚೀಲ.

"ಅಲ್ಲಿ ಅಡಿಗಿ ಯಾರ ಮಾಡ್ತಾರ್ರಿ ಅತ್ತಿ?"

"ಮಗಾ ಬೇಯಿಸ್ತಾನ, ಅಪ್ಪಗ ಉಣಸ್ತಾನ. ಇಬ್ರೂ ಕೂಡಿ ಆರಿದ ಅನ್ನಾ ತಿಂತಾರ." ಚಪ್ಪಲಿ ಬಿಟ್ಟು ಒಳಗೆ ಬಂದು ಪ್ರೆಸ್ಸನ್ನು ಒಮ್ಮೆ ತಡವಿದಳು. "ನನಗಿಲ್ಲೆ ಜಾಗಾ ಐತೇನು?"

ಬೀಗಿತಿಯರಿಬ್ಬರೂ ಒಂದೇ ಸೂರಿನಡಿ ಇರುವುದನ್ನು ಕಂಡು ಓಣಿಯವರು ನಕ್ಕರು, ಆಮೇಲೆ ಸುಮ್ಮನಾದರು. ಮುದಕವ್ವ ಗಂಜಿ ಕಾಸುತ್ತಿದ್ದಳು, ಹಾಳೆ ಹೊಂದಿಸುತ್ತಿದ್ದಳು. ಹಬ್ಬದ ಮುಂಚೆ ಕೆಲಸ ಹೆಚ್ಚಾಗಿ ಸುಕನ್ಯಾ ನಾಲ್ಕು ದಿನ ಸರಿಯಾಗಿ ಉಂಡಿರಲಿಲ್ಲ. ಐದನೆಯ ದಿನ ಮಧ್ಯಾಹ್ನ ಮುದಕವ್ವ ಅಂಟಿನ ಬಟ್ಟಲು ತರುವಾಗ ಸೆರಗು ಸಿಕ್ಕಿ ಎಡವಿದಳು. ಅಷ್ಟೂ ಅಂಟು, ಮುಗಿಸಿ ಇಟ್ಟಿದ್ದ ಮಸೀದಿಯ ಗ್ರಂಥದ ತೆರೆದ ಪುಟದ ಮೇಲೆ ಬಿತ್ತು.

ಸುಕನ್ಯಾಳ ಕೈ ತಾನಾಗಿಯೇ ಹೋಯಿತು. ಮುದಕವ್ವನ ಕೆನ್ನೆಯ ಮೇಲೆ ಸದ್ದು ಕೇಳಿದ ಮೇಲೆಯೇ ಅದು ತನ್ನ ಕೈ ಎಂದು ಅವಳಿಗೆ ತಿಳಿದದ್ದು. ಅಡುಗೆಮನೆಯಲ್ಲಿ ಅವಳ ತಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

ಮುದಕವ್ವ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಬಟ್ಟಲನ್ನು ಎತ್ತಿ ನೆಟ್ಟಗಿಟ್ಟು, ಸೊಸೆಯ ಮುಖವನ್ನು ನೇರವಾಗಿ ನೋಡಿದಳು.

"ಒಂದ ಸಲ ಆತು. ಇನ್ನೊಮ್ಮೆ ಎತ್ತಿದಿ ಅಂದ್ರ, ಈ ಮನ್ಯಾಗೂ ಗಂಜಿ ಕಾಸಾಕಿ ನಾನ. ತಿಳೀತೇನು?"

"ತಿಳೀತ್ರಿ" ಎಂದಳು ಸುಕನ್ಯಾ. ಹೊಡೆದ ಕೈಯನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಹಂಗಾರ ಒದ್ದಿ ಅರಿವಿ ತಾ, ಲಗೂ. ಆರಿದ್ರ ಹಾಳಿ ಅಂಟಕೊಂತಾವು."